ಏಸಿಯಲ್ಲಿ ಐಸ್ ಕಟ್ಟಿದೆಯೇ? ಗ್ಯಾಸ್ ತುಂಬಿಸುವ ಮುಂಚೆ ಇಷ್ಟು ನೋಡಿ

ಏಪ್ರಿಲ್‌ನ ಒಂದು ಬೆಳಗ್ಗೆ, ಆರೂವರೆಗೇ ಹಾಸನದ ಸಾಲಗಾಮೆ ರಸ್ತೆಯ ಮನೆಯೊಂದರಿಂದ ಫೋನು. "ಅಣ್ಣಾ, ಏಸಿ ರಾತ್ರಿಯೆಲ್ಲಾ ಸೋರೈತೆ, ಹಾಸಿಗೆ ನೆಂದೋಗೈತೆ. ಗಾಳೀನೂ ಸರಿಯಾಗಿ ಬರ್ತಿಲ್ಲ." ಹೋಗಿ ನೋಡಿದೆ. ಏಸಿ ಕೆಳಗೆ ಬಕೆಟ್, ಪಕ್ಕದಲ್ಲಿ ಹಿಂಡಿಟ್ಟ ಟವೆಲು. ಮುಂದಿನ ಮುಚ್ಚಳ ಎತ್ತಿದರೆ ಕಾಯಿಲ್, ಅಂದರೆ ಗಾಳಿಯನ್ನು ತಂಪು ಮಾಡುವ ಪೈಪಿನ ಸುರುಳಿ, ಕಾಣಿಸುತ್ತಲೇ ಇಲ್ಲ. ಹಳೇ ಫ್ರಿಜ್ಜಿನ ಫ್ರೀಜರಿನಂತೆ ಬೆರಳು ದಪ್ಪ ಬಿಳೀ ಐಸು. ಮನೆಯ ಹಿರಿಯಮ್ಮ ಬೇಸರದಿಂದ ಹೇಳಿದರು: "ಈ ಬೇಸಿಗೇಲಿ ಎರಡು ಸಲ ಗ್ಯಾಸ್ ತುಂಬ್ಸಿದ್ದೀವಿ ಕಣಪ್ಪ. ಹದಿನೈದು ದಿನ ಚೆನ್ನಾಗಿರುತ್ತೆ, ಮತ್ತೆ ಅದೇ ಕತೆ."

ಫಿಲ್ಟರ್ ಎಳೆದೆ. ಜಾಲರಿಯ ಒಂದು ಕಣ್ಣೂ ತೆರೆದಿರಲಿಲ್ಲ. ಕಿಟಕಿ ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣದು, ಬೂದು ಬಣ್ಣದ ಕಂಬಳಿ ಹೊದಿಸಿದಂತೆ ಧೂಳು. ಮನೆ ಮುಂದೆ ಒಳಚರಂಡಿಗೆ ರಸ್ತೆ ಅಗೆದು ಎರಡು ತಿಂಗಳಾಗಿತ್ತು, ಆ ಧೂಳು ದಿನವೂ ಒಳಗೆ ಬರುತ್ತಿತ್ತು. ಎರಡು ಸಲವೂ ಗ್ಯಾಸ್ ಹಾಕಿದವರು ಹೋಗುವ ಮುಂಚೆ ಫಿಲ್ಟರನ್ನು ಒಮ್ಮೆ ಕೊಡವಿ ಹಾಕಿದ್ದರು. ಆ ಹದಿನೈದು ದಿನ ಏಸಿ ಚೆನ್ನಾಗಿ ನಡೆದದ್ದು ಕೊಡವಿದ್ದರಿಂದ, ಗ್ಯಾಸಿನಿಂದಲ್ಲ.

ಐಸ್ ಕಂಡರೆ ಗ್ಯಾಸ್ ಕಮ್ಮಿ ಎನ್ನುವ ಮಾತನ್ನು ನಮ್ಮ ಏಸಿ ರಿಪೇರಿ ಕಸುಬಿನವರೇ ಊರ ತುಂಬಾ ಹಬ್ಬಿಸಿದ್ದೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಮೊದಲು ನೋಡಬೇಕಾದ್ದು ಗಾಳಿಯನ್ನು, ಗ್ಯಾಸಿನ ಸರದಿ ಅದಾದ ಮೇಲೆ. ಈ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಒಂದು ದಿನ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರೂ ಹೋಗುತ್ತದೆ. ಮನೆಯಲ್ಲಿ ನೀವೇ ಮಾಡಬಹುದಾದ್ದೇನು, ಮೆಕ್ಯಾನಿಕ್‌ಗೆ ಬಿಡಬೇಕಾದ್ದೇನು, ಬಂದವರನ್ನು ಏನು ಕೇಳಬೇಕು ಎಂಬುದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ.

ತಣ್ಣನೆಯ ಕಾಯಿಲ್ ಐಸ್ ಆಗುವುದು ಯಾವಾಗ

ಒಳಗಿನ ಯೂನಿಟ್ಟಿನ ಕಾಯಿಲ್‌ನಲ್ಲಿ ಗ್ಯಾಸ್ ಕುದಿಯುತ್ತಿರುತ್ತದೆ. ತಣ್ಣಗಿರುವಾಗ ಕುದಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಮುಳ್ಳಯ್ಯನಗಿರಿ ತೋರಿಸುತ್ತೇನೆ. ಆ 1,900 ಮೀಟರಿಗೂ ಮೀರಿದ ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನೀರು 100 ಡಿಗ್ರಿವರೆಗೆ ಕಾಯದೆ 93-94ಕ್ಕೇ ಕುದಿಯುತ್ತದೆ. ಒತ್ತಡ ಇಳಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಏಸಿ ಗ್ಯಾಸೂ ಹಾಗೆಯೇ. ಸರಿಯಾಗಿ ಓಡುವ ಏಸಿಯಲ್ಲಿ ಅದು ಸುಮಾರು 5ರಿಂದ 10 ಡಿಗ್ರಿಯಲ್ಲಿ ಕುದಿಯುತ್ತಾ ಕೋಣೆಯ ಬಿಸಿಯನ್ನು ಹೀರುತ್ತದೆ. ಗಾಳಿಯಲ್ಲಿರುವ ತೇವ ಆ ತಣ್ಣನೆಯ ಕಾಯಿಲ್ ಮೇಲೆ ಹನಿಗಟ್ಟಿ ಡ್ರೈನ್ ಪೈಪಿನಲ್ಲಿ ಹೊರಗೆ ಹೋಗುತ್ತದೆ.

ಈಗ ಫಿಲ್ಟರ್ ಕಟ್ಟಿಕೊಂಡಿತು ಅನ್ನಿ. ಕಾಯಿಲ್‌ಗೆ ಬರುವ ಗಾಳಿ ಕಮ್ಮಿಯಾಗುತ್ತದೆ. ಒಲೆ ಸಣ್ಣ ಮಾಡಿದಂತೆ ಗ್ಯಾಸಿನ ಕುದಿತ ಇಳಿಯುತ್ತದೆ. ಕಂಪ್ರೆಸರ್ ಮಾತ್ರ ಎಳೆಯುತ್ತಲೇ ಇರುತ್ತದೆ. ಒತ್ತಡ ಬೀಳುತ್ತದೆ, ಅದರ ಹಿಂದೆಯೇ ಕುದಿಯುವ ಬಿಂದುವೂ ಸೊನ್ನೆಗಿಂತ ಕೆಳಗೆ ಬೀಳುತ್ತದೆ. ಕಾಯಿಲ್ ಮೇಲಿನ ಹನಿ ಹರಿದು ಹೋಗುವ ಬದಲು ಅಲ್ಲೇ ಗಟ್ಟಿಯಾಗುತ್ತದೆ. ಗಟ್ಟಿಯಾದ ಐಸು ಇದ್ದಬದ್ದ ಗಾಳಿಗೂ ಅಡ್ಡ ನಿಲ್ಲುತ್ತದೆ, ಗಾಳಿ ನಿಂತಷ್ಟೂ ಐಸು ಬೆಳೆಯುತ್ತದೆ. ರಾತ್ರಿ ಹನ್ನೊಂದಕ್ಕೆ ತೆಳ್ಳನೆಯ ಬಿಳಿ ಪೊರೆಯಿದ್ದದ್ದು ಬೆಳಗಿನ ಜಾವಕ್ಕೆ ಗೋಡೆಯಾಗಿರುತ್ತದೆ. ಆಮೇಲೆ ಏಸಿ ನಿಂತಾಗ ಆ ಗೋಡೆ ಕರಗಿ, ಡ್ರೈನ್ ಟ್ರೇ ಹಿಡಿಯುವುದಕ್ಕಿಂತ ಹೆಚ್ಚು ನೀರು ಒಮ್ಮೆಲೇ ಬೀಳುತ್ತದೆ. ನಿಮ್ಮ ಹಾಸಿಗೆ ನೆನೆಯುವುದು ಆಗ. ಅದಕ್ಕೇ "ಏಸಿ ಸೋರ್ತೈತೆ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಐಸು ಇರುತ್ತದೆ.

ಗ್ಯಾಸ್ ಲೀಕ್ ಆಗಿ ಕಮ್ಮಿಯಾದರೂ ಒತ್ತಡ ಬೀಳುತ್ತದೆ, ಐಸ್ ಕಟ್ಟುತ್ತದೆ. ಕಾರಣ ಬೇರೆ, ಕಾಣುವುದು ಒಂದೇ. ಎಡವಟ್ಟೆಲ್ಲ ಶುರುವಾಗುವುದು ಇಲ್ಲಿಂದಲೇ.

ಆಫ್ ಮಾಡುವ ಮುಂಚೆ ಒಂದು ಫೋಟೋ

ಐಸ್ ಎಲ್ಲಿ ಕಟ್ಟಿದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ಕರಗಿಸಿಬಿಟ್ಟರೆ ಆ ಸಾಕ್ಷಿ ನೀರಾಗಿ ಹೋಗುತ್ತದೆ. ಆದ್ದರಿಂದ ಮುಂದಿನ ಮುಚ್ಚಳ ಎತ್ತಿ, ಟಾರ್ಚ್ ಹಾಕಿ, ಕಾಯಿಲ್‌ನ ಎಡ, ನಡು, ಬಲ ಮೂರೂ ಕಡೆ ಫೋಟೋ ತೆಗೆಯಿರಿ. ಕೈ ಹಾಕಬೇಡಿ, ಯೂನಿಟ್ ಇನ್ನೂ ಕರೆಂಟಿನಲ್ಲಿದೆ. ಸುಲಭವಾಗಿ ಹೋಗಲು ಸಾಧ್ಯವಿದ್ದರೆ ಔಟ್‌ಡೋರ್ ಯೂನಿಟ್ ಹತ್ತಿರ ಎರಡು ತಾಮ್ರದ ಪೈಪ್ ಸೇರುವ ಜಾಗದ್ದೂ ಒಂದು ಫೋಟೋ ಇರಲಿ. ಸಜ್ಜಾ ಹತ್ತಿ, ಪ್ಯಾರಾಪೆಟ್ ದಾಟಿ ಹೋಗುವ ಸಾಹಸ ಯಾರೂ ಮಾಡಬೇಡಿ.

ಕಾಯಿಲ್ ಉದ್ದಕ್ಕೂ ಹೆಚ್ಚುಕಮ್ಮಿ ಒಂದೇ ಸಮ ಐಸ್ ಕಟ್ಟಿದ್ದು, ಹೊರಗಿನ ದಪ್ಪ ಪೈಪ್ ಮೇಲೂ ಬಿಳಿ ಹಿಮ ಇದ್ದರೆ ಗಾಳಿಯ ತೊಂದರೆಯ ಕಡೆ ಅನುಮಾನ ಹೋಗಬೇಕು. ಗ್ಯಾಸ್ ಒಳಗೆ ಬರುವ ಕಡೆಯ ಎರಡು ಮೂರು ಸುತ್ತಿನ ಮೇಲೆ ಮಾತ್ರ ಐಸ್ ಇದ್ದು, ಉಳಿದ ಕಾಯಿಲ್ ಒಣಗಿ ಬೆಚ್ಚಗಿದ್ದರೆ, ಹೊರಗೆ ತೆಳ್ಳನೆಯ ಪೈಪ್ ಮಾತ್ರ ಹಿಮಗಟ್ಟಿದ್ದರೆ ಗ್ಯಾಸ್ ಕಮ್ಮಿ ಇರುವ ಸಂಭವ ಹೆಚ್ಚು. ದಪ್ಪ ಪೈಪ್ ಬರೀ ತಣ್ಣಗಿದ್ದು ಬೆವರುತ್ತಿದ್ದರೆ ಅದು ಆರೋಗ್ಯದ ಲಕ್ಷಣ, ಗಾಬರಿ ಬೇಡ. ತೀರಾ ಹೆಚ್ಚು ಹೊತ್ತು ಓಡಿದರೆ ಎರಡೂ ಬಗೆ ಕಲಸಿಹೋಗುತ್ತವೆ, ಹಾಗಾಗಿ ಫೋಟೋ ಒಂದನ್ನೇ ನಂಬಿ ತೀರ್ಪು ಕೊಡಬೇಡಿ. ಮೆಕ್ಯಾನಿಕ್‌ಗೆ ತೋರಿಸಲು ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಚಿಕ್ಕಮಗಳೂರು ಕಡೆಯ ಕೆಲವು ಮನೆ, ಹೋಂಸ್ಟೇಗಳಲ್ಲಿ ಚಳಿಗಾಲಕ್ಕೆಂದು ಬಿಸಿಗಾಳಿಯನ್ನೂ ಕೊಡುವ ಏಸಿ ಹಾಕಿಸಿದ್ದಾರೆ. ರಿಮೋಟಿನ ಬಿಸಿ ಮೋಡ್‌ನಲ್ಲಿ ಓಡುವಾಗ ಹೊರಗಿನ ಯೂನಿಟ್ ಮೇಲೆ ತೆಳ್ಳಗೆ ಹಿಮ ಕೂರುವುದು ಸಹಜ. ನಡುನಡುವೆ ಅದೇ ಕರಗಿಸಿಕೊಳ್ಳುತ್ತದೆ. ನಾನು ಹೇಳುತ್ತಿರುವುದು ತಂಪು ಮೋಡಿನಲ್ಲಿ ಒಳಗಿನ ಯೂನಿಟ್ಟಿನಲ್ಲಿ ಕಟ್ಟುವ ಐಸಿನ ವಿಚಾರ.

ಕರಗಿಸುವುದು: ಚಾಕು ಬೇಡ, ಬಿಸಿನೀರೂ ಬೇಡ

ಐಸ್ ಇಟ್ಟುಕೊಂಡೇ ಏಸಿ ಓಡಿಸುವುದು ಅತಿ ದೊಡ್ಡ ತಪ್ಪು. ಐಸಿನ ಹೊದಿಕೆಯೊಳಗೆ ಗ್ಯಾಸಿಗೆ ಬಿಸಿ ಸಿಗದೆ ಪೂರ್ತಿ ಕುದಿಯುವುದಿಲ್ಲ, ದ್ರವವಾಗಿಯೇ ಕಂಪ್ರೆಸರಿಗೆ ವಾಪಸ್ ಹೋಗುತ್ತದೆ. ಕಂಪ್ರೆಸರ್ ಇರುವುದು ಆವಿಯನ್ನು ಒತ್ತಲು. ದ್ರವ ನುಗ್ಗಿದರೆ ಒಳಗಿನ ಎಣ್ಣೆ ತೆಳ್ಳಗಾಗುತ್ತದೆ, ಬೇರಿಂಗ್, ವಾಲ್ವ್ ಏಟು ತಿನ್ನುತ್ತವೆ. ಇಡೀ ಏಸಿಯಲ್ಲಿ ಅತಿ ದುಬಾರಿ ಭಾಗ ಅದೇ.

ರಿಮೋಟಿನಲ್ಲಿ ಫ್ಯಾನ್ ಮೋಡ್ ಹಾಕಿ, ವೇಗ ಪೂರ್ತಿ ಏರಿಸಿ. ಈ ಮೋಡಿನಲ್ಲಿ ಕಂಪ್ರೆಸರ್ ನಿಲ್ಲುತ್ತದೆ, ಒಳಗಿನ ಬ್ಲೋವರ್ ಮಾತ್ರ ತಿರುಗಿ ಕೋಣೆಯ ಗಾಳಿಯನ್ನು ಐಸಿನ ಮೇಲೆ ಹಾಯಿಸುತ್ತದೆ. ಬಾಗಿಲು ಕಿಟಕಿ ತೆರೆದಿಡಿ. ತೆಳ್ಳಗಿದ್ದರೆ ಒಂದು ಗಂಟೆ, ಗಟ್ಟಿ ಗೋಡೆಯಾಗಿದ್ದರೆ ಮೂರು ಗಂಟೆಯೂ ಹಿಡಿಯಬಹುದು. ಬ್ಲೋವರ್ ತಿರುಗುತ್ತಲೇ ಇಲ್ಲ, ಅಥವಾ ಐಸು ತಾಗಿ ಕರಕರ ಶಬ್ದ ಬರುತ್ತಿದೆ ಎಂದಾದರೆ ಎಂಸಿಬಿ (ಏಸಿಗೆ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಸುಮ್ಮನೆ ಬಿಟ್ಟುಬಿಡಿ. ರಾತ್ರಿ ಆಫ್ ಮಾಡಿದರೆ ಬೆಳಗ್ಗೆ ಹೊತ್ತಿಗೆ ಕರಗಿರುತ್ತದೆ. ಮಂಚ ಸರಿಸಿ, ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಬಕೆಟ್ ಇಡಿ. ಟಿವಿ, ಸ್ವಿಚ್ ಬೋರ್ಡ್, ಸ್ಟೆಬಿಲೈಸರ್ ಏಸಿ ಕೆಳಗಿದ್ದರೆ ಮೊದಲು ಅವನ್ನು ಕಾಪಾಡಿ.

ಚಾಕು, ಸ್ಕ್ರೂಡ್ರೈವರ್, ಚಮಚ ತಗೊಂಡು ಐಸ್ ಕೆರೆಯುವವರನ್ನು ನೋಡಿದ್ದೇನೆ. ಕಾಯಿಲ್‌ನ ಅಲ್ಯೂಮಿನಿಯಂ ಎಸಳುಗಳು ಕಾಗದದಷ್ಟು ತೆಳು, ಅದರ ಹಿಂದಿನ ಪೈಪೂ ತೆಳ್ಳಗಿರುತ್ತದೆ. ಒಂದು ತೂತು ಬಿದ್ದರೆ ಇಲ್ಲದ ಗ್ಯಾಸ್ ಲೀಕನ್ನು ನಾವೇ ತಂದುಕೊಂಡಂತೆ. ಬಿಸಿನೀರು ಎರಚಿದರೆ ಪಕ್ಕದಲ್ಲೇ ಇರುವ ಸರ್ಕ್ಯೂಟ್ ಬೋರ್ಡಿಗೆ ನೀರು. ಹೇರ್ ಡ್ರೈಯರ್ ಹಿಡಿದು, ತೊಟ್ಟಿಕ್ಕುವ ನೀರಿನ ಕೆಳಗೆ ಸ್ಟೂಲ್ ಮೇಲೆ ನಿಲ್ಲುವುದಂತೂ ಜೀವಕ್ಕೇ ಅಪಾಯ. ತಾಳ್ಮೆಯೊಂದೇ ಇದಕ್ಕೆ ಸರಿಯಾದ ಉಪಕರಣ.

ಫಿಲ್ಟರ್

ಎಂಸಿಬಿ ಇಳಿಸಿ, ಮುಚ್ಚಳ ಎತ್ತಿ, ಎರಡೂ ಜಾಲರಿ ಫಿಲ್ಟರ್‌ಗಳನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಬಚ್ಚಲಿಗೆ ಒಯ್ದು, ಧೂಳು ಕೂತಿರುವ ಮುಖ ಕೆಳಗೆ ಬರುವಂತೆ ಹಿಡಿದು, ಹಿಂದಿನ ಕಡೆಯಿಂದ ನೀರು ಬಿಡಿ. ಧೂಳಿರುವ ಕಡೆಯಿಂದಲೇ ನೀರು ಬಿಟ್ಟರೆ ಅದು ಜಾಲರಿಯ ಕಣ್ಣಿಗೆ ಇನ್ನೂ ಬಿಗಿಯಾಗಿ ತುಂಬಿಕೊಳ್ಳುತ್ತದೆ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆಯ ಬ್ರಷ್. ಕೈ ಸುಡುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗಿ ಮತ್ತೆ ತನ್ನ ಜಾಗದಲ್ಲಿ ಕೂರುವುದಿಲ್ಲ. ನೆರಳಿನಲ್ಲಿ ಒಣಗಿಸಿ. ಹಸಿ ಫಿಲ್ಟರ್ ಹಾಕಿದರೆ ಹೊಸ ಧೂಳು ಅದೇ ದಿನ ಅಂಟುತ್ತದೆ.

ಬೇಸಿಗೆಯಲ್ಲಿ ದಿನವೂ ಏಸಿ ಹಾಕುವವರು ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡಲೇಬೇಕು. ರಸ್ತೆ ಕೆಲಸ ನಡೆಯುತ್ತಿದ್ದರೆ, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ವಾರಕ್ಕೊಮ್ಮೆ. ಕಾಫಿ ಕಣದ ಪಕ್ಕ, ಕ್ಯೂರಿಂಗ್ ವರ್ಕ್ಸ್ ಹತ್ತಿರ ಇರುವ ಮನೆಗಳವರು ಡಿಸೆಂಬರಿನಿಂದ ಫೆಬ್ರವರಿವರೆಗೆ ಬರುವ ಹೊಟ್ಟು ಧೂಳನ್ನು ಮರೆತು, ಮಾರ್ಚಿನಲ್ಲಿ ಏಕಾಏಕಿ ಏಸಿ ಆನ್ ಮಾಡುತ್ತಾರೆ. ಆ ಮೂರು ತಿಂಗಳಲ್ಲಿ ಕೂತ ಧೂಳು ಮೊದಲ ವಾರವೇ ಐಸಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷದ ಮೊದಲ ಬಾರಿ ಆನ್ ಮಾಡುವ ಮುಂಚೆ ಫಿಲ್ಟರ್ ತೊಳೆಯುವುದನ್ನು ಯುಗಾದಿಗೆ ಮನೆ ಸಾರಿಸಿ ಗುಡಿಸುವ ಕೆಲಸದ ಜೊತೆಗೇ ಸೇರಿಸಿಕೊಳ್ಳಿ.

ಇನ್ನೊಂದು ಮಾತು. ಹಾಸನ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೆ ಹತ್ತಿರ ಎತ್ತರದಲ್ಲಿದೆ, ಚಿಕ್ಕಮಗಳೂರು ಅದನ್ನೂ ಮೀರಿದೆ. ಇಲ್ಲಿ ಗಾಳಿ ಕರಾವಳಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಅದೇ ಬ್ಲೋವರ್ ಅದೇ ವೇಗದಲ್ಲಿ ತಿರುಗಿದರೂ ಕಾಯಿಲ್‌ಗೆ ಮುಟ್ಟುವ ಗಾಳಿಯ ತೂಕ ಅಷ್ಟು ಕಮ್ಮಿ. ಮಂಗಳೂರಿನಲ್ಲಿ ಹೇಗೋ ನಡೆದುಹೋಗುವ ಧೂಳು ನಮ್ಮಲ್ಲಿ ಸ್ವಲ್ಪ ಬೇಗ ತೊಂದರೆ ಕೊಡುತ್ತದೆ.

ಫಿಲ್ಟರ್ ಫಳಫಳ, ಆದರೂ ಐಸ್

ಆಗ ನೋಡಬೇಕಾದ್ದು ಫಿಲ್ಟರ್ ಹಿಂದಿನ ಕಾಯಿಲ್, ಅದರ ಹಿಂದಿನ ಬ್ಲೋವರ್. ಹಾಲ್ ಮತ್ತು ಅಡುಗೆಮನೆ ಒಂದೇ ಆಗಿರುವ ಮನೆಗಳಲ್ಲಿ ಒಗ್ಗರಣೆಯ ಹೊಗೆ ಇದರ ದೊಡ್ಡ ಶತ್ರು. ಎಣ್ಣೆಯ ಸಣ್ಣ ಹನಿ ಫಿಲ್ಟರ್ ದಾಟಿ ಹೋಗಿ ಕಾಯಿಲ್ ಮೇಲೆ ಜಿಡ್ಡಾಗಿ ಕೂರುತ್ತದೆ, ಅದಕ್ಕೆ ಊದಿನಕಡ್ಡಿ, ಸಾಂಬ್ರಾಣಿ ಹೊಗೆಯ ಮಸಿ, ಮಗುವಿಗೆ ಹಾಕುವ ಪೌಡರ್ ಎಲ್ಲ ಅಂಟುತ್ತದೆ. ಮೇಲಿಂದ ನೋಡಿದರೆ ಬೂದು ಛಾಯೆ ಅಷ್ಟೇ, ಎಸಳುಗಳ ನಡುವೆ ಮಾತ್ರ ಉಂಡೆಗಟ್ಟಿರುತ್ತದೆ.

ಬ್ಲೋವರನ್ನು ಪರೀಕ್ಷಿಸಲು ಎಂಸಿಬಿ ಇಳಿಸಿ, ಗಾಳಿ ಹೊರಬರುವ ಬಾಯಿಯ ರೆಕ್ಕೆಯನ್ನು ಮೆಲ್ಲಗೆ ತಗ್ಗಿಸಿ ಟಾರ್ಚ್ ಬಿಡಿ. ಒಳಗೆ ಉದ್ದನೆಯ ಉರುಳೆಯಂಥ ಫ್ಯಾನ್ ಕಾಣುತ್ತದೆ, ಅದರ ತುಂಬ ಬಾಗಿದ ಸಣ್ಣ ಸಣ್ಣ ಎಲೆಗಳು. ಹೊಸದರಲ್ಲಿ ಆ ಎಲೆಗಳ ಒಳಬಾಗು ಸ್ಪಷ್ಟವಾಗಿ ಕಾಣಬೇಕು. ಕರೀ ತೇವದ ಧೂಳು ಆ ಬಾಗನ್ನೇ ತುಂಬಿ ಸಮ ಮಾಡಿದ್ದರೆ ಫ್ಯಾನ್ ತಿರುಗುತ್ತದೆ, ಶಬ್ದವೂ ಬರುತ್ತದೆ, ಗಾಳಿ ಮಾತ್ರ ಎತ್ತುವುದಿಲ್ಲ. ಮಲೆನಾಡಿನ ತೇವಕ್ಕೆ ಅದರ ಮೇಲೆ ಬೂಷ್ಟು ಬೇರೆ. ಏಸಿ ಆನ್ ಮಾಡಿದ ಕೂಡಲೇ ಹಸಿ ಗೋಣಿಚೀಲದ ವಾಸನೆ ಬಂದರೆ ಬೂಷ್ಟು ಅಲ್ಲೇ ಇದೆ ಎಂದು ತಿಳಿಯಿರಿ.

ಕಾಯಿಲ್ ಮೇಲ್ಮೈಯ ಒಣಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಎಸಳುಗಳ ಜಾಡಿನಲ್ಲೇ ಮೇಲಿಂದ ಕೆಳಗೆ ತೆಗೆಯಬಹುದು, ಅಡ್ಡಡ್ಡ ಉಜ್ಜಿದರೆ ಎಸಳು ಮಡಿಚಿಕೊಳ್ಳುತ್ತವೆ. ಬ್ಲೋವರ್ ಮತ್ತು ಕಾಯಿಲ್‌ನ ಒಳಭಾಗ ತೊಳೆಯುವುದನ್ನು ನೀವು ಮಾಡಬೇಡಿ. ಸರ್ಕ್ಯೂಟ್ ಬೋರ್ಡ್ ಮುಚ್ಚಿ, ಕೆಳಗೆ ಚೀಲ ಕಟ್ಟಿ, ಪಂಪಿನಿಂದ ನೀರು ಹಾಯಿಸುವ ಜೆಟ್ ಸರ್ವಿಸ್ ಮಾಡಿಸಿ. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ ಮಾಡಿಸಿದರೆ ಸಾಕು. ಬ್ಲೋವರ್ ಹೊರತೆಗೆದು ತೊಳೆಯುತ್ತೀರಾ ಎಂದು ಕೇಳಿಯೇ ಕರೆಸಿ. ಮುಂದಿನಿಂದ ನೀರು ಎರಚಿ ಹೋಗುವ ಸರ್ವಿಸ್‌ನಿಂದ ಈ ತೊಂದರೆ ಹೋಗುವುದಿಲ್ಲ.

ಹಳೇ ಏಸಿಗಳಲ್ಲಿ ಬ್ಲೋವರ್ ಮೋಟಾರ್ ತಿರುಗಲು ಬಲ ಕೊಡುವ ಕ್ಯಾಪಾಸಿಟರ್ ಸೊರಗಿ ಫ್ಯಾನ್ ನಿಧಾನವಾಗುವುದೂ ಉಂಟು. ಹೈ ಸ್ಪೀಡ್, ಲೋ ಸ್ಪೀಡ್ ನಡುವೆ ಗಾಳಿಯಲ್ಲಿ ವ್ಯತ್ಯಾಸವೇ ಗೊತ್ತಾಗದಿದ್ದರೆ ಇದನ್ನು ಹೇಳಿ ಪರೀಕ್ಷೆ ಮಾಡಿಸಿ. ಏಸಿ ಮುಂದೆ ಬೀರು ನಿಲ್ಲಿಸಿರುವುದು, ಪರದೆ ಇಳಿಬಿಟ್ಟಿರುವುದು, ಮೇಲಿನ ಗಾಳಿ ಎಳೆಯುವ ಜಾಗಕ್ಕೂ ಸೀಲಿಂಗಿಗೂ ಅಂಗುಲ ಜಾಗವೂ ಇಲ್ಲದಂತೆ ಕೂರಿಸಿರುವುದು ಕೂಡ ಗಾಳಿ ಕಟ್ಟುವ ಕಾರಣಗಳೇ.

ನಮ್ಮೂರ ರಾತ್ರಿ

ಹಾಸನಕ್ಕೆ ಬಡವರ ಊಟಿ ಎಂಬ ಹೆಸರಿದೆ. ಮಧ್ಯಾಹ್ನ 34 ಡಿಗ್ರಿ ಸುಡುವ ಏಪ್ರಿಲ್‌ನಲ್ಲೂ ನಡುರಾತ್ರಿ ಕಳೆದ ಮೇಲೆ ಹೊರಗೆ 20ರ ಆಸುಪಾಸಿಗೆ ಇಳಿಯುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ರಾತ್ರಿಯಂತೂ ಇನ್ನೂ ತಂಪು. ಸಂಜೆ ಸೆಕೆಗೆ 18 ಡಿಗ್ರಿಗೆ ಇಟ್ಟು, ಫ್ಯಾನ್ ಲೋ ಮಾಡಿ, ಹೊದ್ದುಕೊಂಡು ಮಲಗುವವರು ನಮ್ಮಲ್ಲಿ ಬಹಳ. ಬೆಳಗಿನ ಜಾವ ಮೂರಕ್ಕೆ ಕೋಣೆಯಲ್ಲಿ ತೆಗೆಯಲು ಬಿಸಿಯೇ ಉಳಿದಿರುವುದಿಲ್ಲ. ಆದರೂ 18 ಮುಟ್ಟಿಲ್ಲವೆಂದು ಏಸಿ ಓಡುತ್ತಲೇ ಇರುತ್ತದೆ. ಹೊರಗೆ ತಂಪಿರುವುದರಿಂದ ಔಟ್‌ಡೋರ್ ಕಡೆಯ ಒತ್ತಡವೂ ಇಳಿದು, ಒಳಗಿನ ಕಾಯಿಲ್‌ಗೆ ಹೋಗುವ ಗ್ಯಾಸಿನ ಹರಿವು ತಗ್ಗುತ್ತದೆ. ಮನೆಯ ಏಸಿಯ ಸಾಮರ್ಥ್ಯವನ್ನು ಅಳೆಯುವುದು ಒಳಗೆ 27, ಹೊರಗೆ 35 ಡಿಗ್ರಿ ಇದ್ದಾಗ. ಹೊರಗೆ ಎಷ್ಟು ಡಿಗ್ರಿಗಿಂತ ಕಮ್ಮಿಯಿದ್ದರೆ ತಂಪು ಮೋಡ್ ಬಳಸಬಾರದು ಎಂಬುದನ್ನು ಏಸಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ, ಒಮ್ಮೆ ತೆಗೆದು ನೋಡಿ.

ಹಗಲು ಚೆನ್ನಾಗಿ ಓಡಿ, ರಾತ್ರಿ ಮಾತ್ರ ಐಸ್ ಕಟ್ಟುತ್ತಿದ್ದರೆ ಮೊದಲು ಈ ಅಭ್ಯಾಸ ಬದಲಿಸಿ ನೋಡಿ. 24 ಅಥವಾ 25ಕ್ಕೆ ಇಡಿ, ಜೊತೆಗೆ ಸೀಲಿಂಗ್ ಫ್ಯಾನ್ ಒಂದನೇ ಸ್ಪೀಡಿನಲ್ಲಿ ತಿರುಗಲಿ, ಏಸಿ ಫ್ಯಾನ್ ಆಟೋ ಅಥವಾ ಮಧ್ಯಮ ವೇಗದಲ್ಲಿರಲಿ, ಟೈಮರ್ ಹಾಕಿ ಒಂದೂವರೆ ಎರಡಕ್ಕೆ ಆಫ್ ಆಗುವಂತೆ ಮಾಡಿ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಲೇಬಲ್ ಇರುವ ಏಸಿಗಳು ಆನ್ ಮಾಡಿದಾಗ 24ಕ್ಕೇ ಶುರುವಾಗಬೇಕೆಂಬ ನಿಯಮ ಇದೆ. ಅದು ಕರೆಂಟ್ ಉಳಿಸಲು ಮಾಡಿದ್ದು, ಕಾಯಿಲ್‌ಗೂ ಅದರಿಂದ ಒಳ್ಳೆಯದೇ. ಎರಡು ರಾತ್ರಿ ಹೀಗೆ ಓಡಿಸಿದಾಗ ಐಸ್ ಕಟ್ಟದಿದ್ದರೆ ಯಾರನ್ನೂ ಕರೆಸುವ ಅಗತ್ಯವಿಲ್ಲ.

ಮಳೆಗಾಲದ್ದು ಇನ್ನೊಂದು ಬಗೆ. ಜುಲೈನಲ್ಲಿ ಬಟ್ಟೆ ಒಣಗುವುದೇ ಇಲ್ಲವೆಂದು ಕೋಣೆಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಹರವಿ, ಡ್ರೈ ಮೋಡ್ ಹಾಕಿ ಬಾಗಿಲು ಮುಚ್ಚುತ್ತಾರೆ. ಒಣಗುವುದೇನೋ ನಿಜ. ಆದರೆ ಡ್ರೈ ಮೋಡಿನಲ್ಲಿ ಫ್ಯಾನ್ ತೀರಾ ನಿಧಾನ, ಕೋಣೆ ಮೊದಲೇ 21-22 ಡಿಗ್ರಿ, ಗಾಳಿಯಲ್ಲಿ ಬೇಕಾದಷ್ಟು ನೀರು. ಐಸ್ ಕಟ್ಟಲು ಇದಕ್ಕಿಂತ ಹದವಾದ ವಾತಾವರಣ ಬೇರೆ ಇಲ್ಲ. ಸಾಲದ್ದಕ್ಕೆ ಬಟ್ಟೆಯ ನೂಲೆಳೆ ಫಿಲ್ಟರಿಗೆ. ಮಾಡಲೇಬೇಕೆಂದರೆ ಎರಡು ಗಂಟೆಗೊಮ್ಮೆ ಅರ್ಧ ಗಂಟೆ ಫ್ಯಾನ್ ಮೋಡಿಗೆ ಬದಲಿಸಿ, ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಇಷ್ಟು ಮಾಡುವ ಬದಲು ಸೀಲಿಂಗ್ ಫ್ಯಾನ್ ಕೆಳಗೆ ಒಣಗಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈಗ ಗ್ಯಾಸಿನ ಮಾತು

ಗಾಳಿ ಸರಿಯಿದೆ, ಕಾಯಿಲ್, ಬ್ಲೋವರ್ ಸ್ವಚ್ಛ, 24ಕ್ಕೆ ಇಟ್ಟಿದ್ದೀರಿ, ಮಧ್ಯಾಹ್ನವೇ ಐಸ್ ಕಟ್ಟುತ್ತಿದೆ. ಆಗ ಗ್ಯಾಸ್ ಕಡೆ ನೋಡಬೇಕು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಕಸುಬಿಗೆ ಬಂದ ಹೊಸತರಲ್ಲಿ, ವಿದ್ಯಾನಗರದ ಒಂದು ಮನೆಗೆ ಹೋಗಿದ್ದೆ. ಆರ್-22 ಗ್ಯಾಸಿನ ಹಳೇ ಏಸಿ, ಕಾಯಿಲ್ ತುಂಬ ಐಸು. ಒತ್ತಡ ಅಳೆಯುವ ಗೇಜ್ ಹಾಕಿದೆ, ಮುಳ್ಳು 50ಕ್ಕೂ ಕೆಳಗೆ. ಆ ಗ್ಯಾಸಿನಲ್ಲಿ ಒತ್ತಡ ಸುಮಾರು 58 ಪಿಎಸ್ಐಗಿಂತ (ಗೇಜಿನಲ್ಲಿ ಒತ್ತಡದ ಅಳತೆ) ಕೆಳಗೆ ಬಿದ್ದರೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಂತೆ. ಈಗಿನ ಆರ್-32ರಲ್ಲಿ ಆ ಗಡಿ ಸುಮಾರು 103. "ಗ್ಯಾಸ್ ಕಮ್ಮಿ" ಅಂದೆ, 65 ಬರುವವರೆಗೆ ತುಂಬಿದೆ, ದುಡ್ಡು ತಗೊಂಡು ಬಂದೆ. ವಾರದ ನಂತರ ಮನೆಯವರು ತಾವೇ ಫಿಲ್ಟರ್ ತೊಳೆದು ಹಾಕಿದರು. ಗಾಳಿ ಸರಿಯಾಯಿತು, ನಾನು ಹೆಚ್ಚುವರಿ ತುಂಬಿದ ಗ್ಯಾಸಿನ ಒತ್ತಡ ಏರಿತು, ಕಂಪ್ರೆಸರ್ ಕಾದು ಕಾದು ಟ್ರಿಪ್ ಆಗತೊಡಗಿತು. ಮತ್ತೆ ಹೋಗಿ ಹೆಚ್ಚಿನ ಗ್ಯಾಸ್ ತೆಗೆದು, ಪಡೆದ ಹಣ ವಾಪಸ್ ಕೊಟ್ಟೆ. ಗಾಳಿ ಕಮ್ಮಿಯಿದ್ದರೂ ಗೇಜಿನ ಮುಳ್ಳು ಇಳಿಯುತ್ತದೆ, ಗ್ಯಾಸ್ ಕಮ್ಮಿಯಿದ್ದರೂ ಇಳಿಯುತ್ತದೆ, ಎರಡನ್ನೂ ಬೇರೆ ಮಾಡಿ ಹೇಳಲು ಗೇಜಿಗೆ ಬರುವುದಿಲ್ಲ ಎಂದು ನನಗೆ ಅರ್ಥವಾದದ್ದು ಆ ಮನೆಯಲ್ಲಿ. ಐಸ್ ಇರುವ ಏಸಿಗೆ ಗೇಜ್ ಹಾಕಿ ಗ್ಯಾಸ್ ತುಂಬಲು ಹೊರಟವರನ್ನು ದಯವಿಟ್ಟು ತಡೆಯಿರಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಐಸ್ ಪೂರ್ತಿ ಕರಗಿ, ಫಿಲ್ಟರ್ ಸ್ವಚ್ಛವಿದ್ದಾಗ, ಬಿಸಿಲಿನ ಹೊತ್ತಿನಲ್ಲಿ ಏಸಿ ಹಾಕಿ ಹದಿನೈದು ನಿಮಿಷ ಬಿಡಿ. ಸಾಮಾನ್ಯ ಡಿಜಿಟಲ್ ಥರ್ಮಾಮೀಟರನ್ನು ಗಾಳಿ ಒಳಹೋಗುವ ಮೇಲ್ಭಾಗದಲ್ಲಿ ಇಟ್ಟು ನೋಡಿ, ಆಮೇಲೆ ಗಾಳಿ ಹೊರಬರುವ ಬಾಯಲ್ಲಿ ಹಿಡಿದು ನೋಡಿ. ನಡುವಿನ ಅಂತರ 8ರಿಂದ 12 ಡಿಗ್ರಿ ಇರಬೇಕು, ತೇವ ಹೆಚ್ಚಿದ್ದರೆ ಸ್ವಲ್ಪ ಕಮ್ಮಿ. ಗಾಳಿ ಸಣ್ಣಗೆ ಬರುತ್ತಾ ಅಂತರ 15ರ ಹತ್ತಿರ ಹೋದರೆ ಗಾಳಿಯ ತೊಂದರೆ ಇನ್ನೂ ಹೋಗಿಲ್ಲ. ಗಾಳಿ ಧಾರಾಳವಾಗಿ ಬರುತ್ತಿದ್ದರೂ ಅಂತರ ನಾಲ್ಕೈದು ಡಿಗ್ರಿ ದಾಟದಿದ್ದರೆ ಗ್ಯಾಸ್ ಅಥವಾ ಕಂಪ್ರೆಸರ್ ಕಡೆ ತೊಂದರೆ.

ಏಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದೆ ಎಂದರೆ ಎಲ್ಲೋ ತೂತಿದೆ. ಆದ್ದರಿಂದ ಬಂದವರನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಲೀಕ್ ಎಲ್ಲಿದೆ, ತೋರಿಸಿ." ಮೊದಲು ಅನುಮಾನಿಸಬೇಕಾದ ಜಾಗ ಪೈಪ್ ಸೇರುವ ಫ್ಲೇರ್ ನಟ್‌ಗಳು. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ, ಸುತ್ತ ಎಣ್ಣೆಯ ಕಲೆಯೂ ಇರುತ್ತದೆ. ಕೆಲವೊಮ್ಮೆ ಒಳಗಿನ ಕಾಯಿಲ್‌ನ ತಾಮ್ರದಲ್ಲಿ ಇರುವೆ ಗೂಡು ಕೊರೆದಂತೆ ಕಣ್ಣಿಗೆ ಕಾಣದ ಸವೆತ ಬಂದಿರುತ್ತದೆ, ಅಂಥ ಕಾಯಿಲ್ ಬದಲಿಸದೆ ದಾರಿಯಿಲ್ಲ.

ಲೀಕ್ ಮುಚ್ಚಿದ ಮೇಲೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವವನ್ನು ಕನಿಷ್ಠ ಇಪ್ಪತ್ತು ಮೂವತ್ತು ನಿಮಿಷ ಎಳೆಯಬೇಕು. ಕೊನೆಗೆ ಹೊರಗಿನ ಯೂನಿಟ್ಟಿನ ಲೇಬಲ್ ಮೇಲೆ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ಇನ್ವರ್ಟರ್ ಏಸಿಯಲ್ಲಿ ಕಂಪ್ರೆಸರ್ ವೇಗ ಬದಲಾಗುತ್ತಲೇ ಇರುವುದರಿಂದ ಗೇಜ್ ನೋಡಿ ಅಂದಾಜಿನಲ್ಲಿ ತುಂಬುವುದು ಸರಿಯಲ್ಲ. ವ್ಯಾಕ್ಯೂಮ್ ಮಾಡದೆ ತುಂಬಿದರೆ ಒಳಗೆ ಉಳಿದ ತೇವ ಕ್ಯಾಪಿಲರಿಯ (ಗ್ಯಾಸ್ ಹಾಯುವ ತೀರಾ ಸಣ್ಣ ಪೈಪಿನ) ತುದಿಯಲ್ಲಿ ಐಸಾಗಿ ಗ್ಯಾಸಿನ ದಾರಿಯನ್ನೇ ಕಟ್ಟುತ್ತದೆ. ಆಗ ಏಸಿ ಅರ್ಧ ಗಂಟೆ ತಂಪು ಕೊಟ್ಟು ಸುಮ್ಮನಾಗುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅರ್ಧ ಗಂಟೆ.

ಆರ್-32 ಸ್ವಲ್ಪ ಮಟ್ಟಿಗೆ, ಆರ್-290 ಬಹಳವಾಗಿ ಬೆಂಕಿ ಹಿಡಿಯುವ ಗ್ಯಾಸುಗಳು. ಆರ್-290 ಎಂದರೆ ಪ್ರೊಪೇನ್, ನಮ್ಮ ಅಡುಗೆ ಸಿಲಿಂಡರಿನಲ್ಲೂ ಇರುವ ಗ್ಯಾಸ್. ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ದೇವರ ದೀಪ, ಬೀಡಿ, ಸಿಗರೇಟು ಆ ಕೋಣೆಯಲ್ಲಿ ಬೇಡ.

ಉಳಿದ ಒಂದೆರಡು

ಕಾಯಿಲ್‌ಗೆ ತಾಗಿದ ಪುಟ್ಟ ತಾಮ್ರದ ತೊಟ್ಟಿಲಲ್ಲಿ ಒಂದು ಸೆನ್ಸರ್ ಕೂತಿರುತ್ತದೆ. ಕಾಯಿಲ್ ಸೊನ್ನೆಯ ಹತ್ತಿರ ಬಂದರೆ ಕಂಪ್ರೆಸರನ್ನು ನಿಲ್ಲಿಸುವುದು ಅದರ ಕೆಲಸ. ಸರ್ವಿಸ್ ಮಾಡುವಾಗ ಅದು ಜಾರಿ ನೇತಾಡುತ್ತಿದ್ದರೆ ಬೆಚ್ಚನೆಯ ಗಾಳಿಯನ್ನೇ ಅಳೆದು ಸುಮ್ಮನಿರುತ್ತದೆ. ಜೆಟ್ ಸರ್ವಿಸ್ ಆದ ಮರುವಾರವೇ ಐಸ್ ಕಟ್ಟಲು ಶುರುವಾದರೆ ಅದೇ ಮೆಕ್ಯಾನಿಕ್‌ನ್ನು ಕರೆಸಿ ಸೆನ್ಸರ್ ಸ್ಥಾನದಲ್ಲಿದೆಯೇ ನೋಡಲು ಹೇಳಿ.

ಡ್ರೈನ್ ಪೈಪನ್ನೂ ಮರೆಯಬೇಡಿ. ಅದರ ತುದಿ ಬಕೆಟಿನ ನೀರಿನಲ್ಲಿ ಮುಳುಗಿರಬಾರದು, ನಡುವೆ ಡೊಂಕಾಗಿ ಮೇಲೆದ್ದಿರಬಾರದು. ಚಳಿಗಾಲದಲ್ಲಿ ಏಸಿ ನಿಂತಿರುವಾಗ ಕಣಜ, ಇರುವೆ ಅದರೊಳಗೆ ಮನೆ ಮಾಡುತ್ತವೆ. ತುದಿಗೆ ಸೊಳ್ಳೆ ಪರದೆಯ ಒಂದು ತುಂಡು ಸಡಿಲವಾಗಿ ಕಟ್ಟಿದರೆ ಸಾಕು. ನೀರು ಹೊರಹೋಗದೆ ಟ್ರೇಯಲ್ಲಿ ನಿಂತರೆ ಕಾಯಿಲ್‌ನ ಕೆಳತುದಿ ಅದರಲ್ಲೇ ನೆನೆದು ಅಲ್ಲಿಂದ ಐಸ್ ಮೇಲೇರಬಹುದು.

ಮತ್ತೆ ಆನ್ ಮಾಡಿದ ಮೇಲೆ

ಎಲ್ಲ ಸರಿ ಮಾಡಿ ಹಾಕಿದ ಮೊದಲ ದಿನ ಹಗಲಿನಲ್ಲೇ, 24 ಡಿಗ್ರಿ, ಫ್ಯಾನ್ ಹೈ ಇಟ್ಟು ಎರಡು ಗಂಟೆ ಓಡಿಸಿ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಗೆ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿ. ಕಾಯಿಲ್ ಮೇಲೆ ಸಣ್ಣ ಹನಿಗಳು ಹೊಳೆಯುತ್ತಾ ಕೆಳಗೆ ಜಾರುತ್ತಿರಬೇಕು. ಹೊರಗೆ ಡ್ರೈನ್ ಪೈಪಿನಲ್ಲಿ ನೀರು ಬೀಳುತ್ತಿರಬೇಕು. ಎಲ್ಲಾದರೂ ಒಂದು ಮೂಲೆಯಲ್ಲಿ ಹನಿ ಬಿಳುಪಾಗಿ ನಿಂತಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಮೂಲೆಯ ಫೋಟೋ ತೆಗೆದಿಟ್ಟುಕೊಳ್ಳಿ, ಮೆಕ್ಯಾನಿಕ್‌ಗೆ ಕಳಿಸಿ.

ಹಗಲು ದಾಟಿದರೆ ಮೂರು ರಾತ್ರಿ ಹೀಗೇ ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ ನೋಡಿ. ಸಾಲಗಾಮೆ ರಸ್ತೆಯ ಆ ಮನೆಯಲ್ಲಿ ಫಿಲ್ಟರ್, ಬ್ಲೋವರ್ ತೊಳೆದು, ಎರಡು ಸಲ ಸೇರಿಸಿದ್ದ ಹೆಚ್ಚುವರಿ ಗ್ಯಾಸ್ ತೆಗೆದು, ಲೇಬಲ್ ತೂಕಕ್ಕೆ ತಂದಿಟ್ಟು ಬಂದೆ. ನಾಲ್ಕನೇ ದಿನ ಬೆಳಗ್ಗೆ ಹಿರಿಯಮ್ಮ ಫೋನು ಮಾಡಿದರು. "ಬಕೆಟ್ ಎತ್ತಿಟ್ಟಿದ್ದೀನಿ ಕಣಪ್ಪ. ಫಿಲ್ಟರ್ ತೊಳೆಯೋ ದಿನಾನ ಕ್ಯಾಲೆಂಡರ್‌ನಲ್ಲಿ ಹದಿನೈದು ದಿನಕ್ಕೊಂದು ಗುರುತು ಹಾಕಿದ್ದೀನಿ, ಸರೀನಾ?" ಸರಿ ಅಮ್ಮಾ, ರಸ್ತೆ ಮುಚ್ಚೋವರೆಗೆ ಮಾತ್ರ ವಾರಕ್ಕೊಂದು ಹಾಕಿ ಅಂದೆ.